ಮೇಲಿನವರ ನೀರು, ಕೆಳಗಿನವರ ನೀರು: ಆಸ್ಟ್ರೇಲಿಯಾದ ಡಾರ್ಲಿಂಗ್ ನದಿಯ ಕಥೆ

(ಸಂಘದ ಬೆಳ್ಳಿಹಬ್ಬದ ಉಪನ್ಯಾಸ ಮಾಲೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬದ ನಿಮಿತ್ತ ಒಬ್ಬೊಬ್ಬ ನಿರ್ದೇಶಕರು ಒಂದೊಂದು ವಿಷಯದ ಮೇಲೆ ಮಾತಾಡಬೇಕು ಅಂತ ಆಡಳಿತ ಮಂಡಳಿ ಸಭೆಯಲ್ಲಿ ಠರಾವಾಯಿತು. ಒಬ್ಬರಿಗೆ ಬೀಜ ಬಂತು, ಒಬ್ಬರಿಗೆ ಹೈನು ಬಂತು, ನಮ್ಮ ಪಾಲಿಗೆ ನೀರು ಬಂತು. ನೀರು ಅಂದಕೂಡಲೇ ನಮ್ಮ ಕಾಲುವೆಯ ಮಾತು ಬರುತ್ತದೆ, ತೂಬಿನ ಹತ್ತಿರದವರು ಮತ್ತು ಟೇಲೆಂಡಿನವರ ಮಾತು ಬರುತ್ತದೆ. ಅದನ್ನು ಇಲ್ಲಿ ನಿಂತು ಹೇಳಿದರೆ ನಾವು ಒಂದು ಪಕ್ಷ ಹಿಡಿದಂತೆ ಆಗುತ್ತದೆ. ಹಾಗಾಗಿ ಬಹಳ ದೂರದ ಒಂದು ನದಿಯ ಕಥೆಯನ್ನೇ ತಮ್ಮ ಮುಂದೆ ಇಡುತ್ತೇವೆ. ಕೇಳಿದ ಮೇಲೆ ಯಾರಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಲಿ.

ನಾವು ಎಸ್.ಎಸ್.ಎಲ್.ಸಿ.ವರೆಗೆ ಓದಿದವರು. ಹೈಸ್ಕೂಲಿನ ಭೂಗೋಳದಲ್ಲಿ ‘ಮರ್ರೆ ಮತ್ತು ಡಾರ್ಲಿಂಗ್ ಆಸ್ಟ್ರೇಲಿಯಾದ ಮುಖ್ಯ ನದಿಗಳು’ ಅಂತ ಒಂದು ಸಾಲು ಬಾಯಿಪಾಠ ಮಾಡಿದ್ದು ನಮ್ಮ ವಯಸ್ಸಿನವರಿಗೆ ನೆನಪಿರಬಹುದು. ಆ ಒಂದು ಸಾಲಿನ ಹಿಂದೆ ಎಷ್ಟು ದೊಡ್ಡ ಕಥೆ ಇದೆ ಅಂತ ಈಚೆಗೆ ಓದಿ ತಿಳಿದುಕೊಂಡೆವು. ತಿಳಿದಷ್ಟನ್ನು ಹೇಳುತ್ತೇವೆ.

ನದಿ ಎಲ್ಲಿ ಹರಿಯುತ್ತದೆ

ಮೊದಲು ನಕಾಶೆ ಕಣ್ಣಮುಂದೆ ತಂದುಕೊಳ್ಳಿ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಉದ್ದಕ್ಕೂ ಒಂದು ಬೆಟ್ಟದ ಸಾಲು ಇದೆ. ಗ್ರೇಟ್ ಡಿವೈಡಿಂಗ್ ರೇಂಜ್ ಅಂತ ಅದಕ್ಕೆ ಹೆಸರು. ನಮ್ಮ ಸಹ್ಯಾದ್ರಿ ಪಶ್ಚಿಮಕ್ಕೆ ಇದ್ದರೆ ಅದು ಪೂರ್ವಕ್ಕೆ. ಬೆಟ್ಟದ ಸಮುದ್ರದ ಕಡೆಯ ಮಗ್ಗುಲಿಗೆ ಒಳ್ಳೆಯ ಮಳೆ. ಒಳನಾಡಿನ ಕಡೆಗೆ ಹೋದಂತೆ ಮಳೆ ಕಡಿಮೆ ಆಗುತ್ತಾ ಕೊನೆಗೆ ಮರುಭೂಮಿಯೇ ಬರುತ್ತದೆ.

ಈ ಬೆಟ್ಟದ ಒಳಮಗ್ಗುಲಿನಲ್ಲಿ, ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ಎಂಬ ಎರಡು ರಾಜ್ಯಗಳಲ್ಲಿ ಹಲವು ಹೊಳೆಗಳು ಹುಟ್ಟುತ್ತವೆ. ಮ್ಯಾಕಿಂಟೈರ್, ಗ್ವೈಡರ್, ನಮೋಯ್, ಮ್ಯಾಕ್ವಾರಿ, ಬಲೋನ್ ಇವು ಮುಖ್ಯವಾದವು. ಇವುಗಳಲ್ಲಿ ಹಲವು ಕೂಡಿ ಬಾರ್ವನ್ ಎಂಬ ನದಿ ಆಗುತ್ತದೆ. ಬಲೋನ್ ನೀರು ಕಲ್ಗೋವಾ ಎಂಬ ಹೆಸರಿನಲ್ಲಿ ಬಂದು ಬಾರ್ವನ್ನಿಗೆ ಸೇರಿದ ಜಾಗದಿಂದ ಮುಂದಕ್ಕೆ ಅದೇ ನೀರಿಗೆ ಡಾರ್ಲಿಂಗ್ ಅಂತ ಹೆಸರು. ಅಲ್ಲಿಂದ ನೈಋತ್ಯಕ್ಕೆ ಬರ್ಕ್, ವಿಲ್ಕಾನಿಯಾ, ಮೆನಿಂಡಿ ಎಂಬ ಊರುಗಳನ್ನು ದಾಟಿ, ವೆಂಟ್‌ವರ್ತ್ ಎಂಬಲ್ಲಿ ಮರ್ರೆ ನದಿಯನ್ನು ಕೂಡುತ್ತದೆ. ಮರ್ರೆ ಅದನ್ನು ಹೊತ್ತುಕೊಂಡು ಸೌತ್ ಆಸ್ಟ್ರೇಲಿಯಾ ರಾಜ್ಯದಲ್ಲಿ ಸಮುದ್ರ ಸೇರುತ್ತದೆ.

ಡಾರ್ಲಿಂಗ್ ಎಂಬ ಹೆಸರಿನ ನದಿಯ ಉದ್ದವೇ 1,472 ಕಿಲೋಮೀಟರ್. ಮೇಲಿನ ಹೊಳೆಗಳನ್ನೂ ಸೇರಿಸಿ ಅಳೆದರೆ ಸುಮಾರು 2,700 ಕಿಲೋಮೀಟರ್. ಮರ್ರೆ ಮತ್ತು ಡಾರ್ಲಿಂಗ್ ಎರಡರ ಜಲಾನಯನ ಪ್ರದೇಶ ಕೂಡಿದರೆ 10 ಲಕ್ಷ ಚದರ ಕಿಲೋಮೀಟರ್ ದಾಟುತ್ತದೆ. ನಮ್ಮ ಕರ್ನಾಟಕದಂಥ ಐದು ರಾಜ್ಯ ಅದರೊಳಗೆ ಕೂಡುತ್ತವೆ.

ಇಷ್ಟು ದೊಡ್ಡ ನದಿ, ನೀರೂ ಅಷ್ಟೇ ಇರಬೇಕು ಅಂತ ತಿಳಿದರೆ ತಪ್ಪು. ಬರ್ಕ್ ಊರಿನಲ್ಲಿ ವರ್ಷದ ಸರಾಸರಿ ಮಳೆ ಸುಮಾರು 350 ಮಿಲಿಮೀಟರ್. ಮೆನಿಂಡಿಯಲ್ಲಿ ಅದಕ್ಕೂ ಕಡಿಮೆ. ಬಿಸಿಲಿಗೆ ಆವಿಯಾಗುವುದು ವರ್ಷಕ್ಕೆ ಎರಡು ಮೀಟರ್‌ನಷ್ಟು. ಅಂದರೆ ಮೇಲಿನಿಂದ ಬೀಳುವುದಕ್ಕಿಂತ ಮೇಲಕ್ಕೆ ಹೋಗುವುದೇ ಐದಾರು ಪಟ್ಟು. ಡಾರ್ಲಿಂಗಿನಲ್ಲಿ ಹರಿಯುವ ನೀರು ಅದರ ದಂಡೆಯ ಮೇಲೆ ಬಿದ್ದ ನೀರಲ್ಲ, ನೂರಾರು ಮೈಲಿ ದೂರದ ಬೆಟ್ಟದಲ್ಲಿ ಬಿದ್ದ ನೀರು. ಈ ಒಂದು ಮಾತು ನೆನಪಿನಲ್ಲಿಡಿ. ಮುಂದಿನ ಜಗಳವೆಲ್ಲ ಇದರೊಳಗೇ ಇದೆ.

ಇನ್ನೊಂದು ವಿಶೇಷ ನೆಲದ ಇಳಿಜಾರು. ಬರ್ಕ್ ಊರು ಸಮುದ್ರ ಮಟ್ಟಕ್ಕಿಂತ ಬರೀ ನೂರು ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ವೆಂಟ್‌ವರ್ತ್ ತಲುಪುವುದರೊಳಗೆ ಇಳಿಯುವುದು ಎಪ್ಪತ್ತು ಮೀಟರ್ ಆಸುಪಾಸು. ಲೆಕ್ಕ ಹಾಕಿದರೆ ಒಂದು ಕಿಲೋಮೀಟರಿಗೆ ಎರಡು ಇಂಚು. ನಾವು ಹೊಲದ ಬದುವಿಗೆ ಲೆವೆಲ್ ನೋಡುವಾಗಲೂ ಇದಕ್ಕಿಂತ ಹೆಚ್ಚು ಇಳಿಜಾರು ಕೊಡುತ್ತೇವೆ. ಹಾಗಾಗಿ ನದಿ ಹಾವಿನಂತೆ ಸುತ್ತಿ ಸುತ್ತಿ ಸಾವಕಾಶ ಹೋಗುತ್ತದೆ. ಮೇಲೆ ಮಳೆಯಾದರೆ ಕೆಳಗೆ ನೀರು ಬರಲು ವಾರಗಳು, ತಿಂಗಳುಗಳು ಬೇಕು. ಮಹಾಪೂರ ಬಂದರೆ ದಂಡೆ ಮೀರಿ ಹತ್ತಾರು ಕಿಲೋಮೀಟರ್ ಅಗಲಕ್ಕೆ ಹರಡಿ ನಿಲ್ಲುತ್ತದೆ. 1890ರಲ್ಲಿ ಬರ್ಕ್ ಊರಿಗೇ ನೀರು ನುಗ್ಗಿತ್ತು. 1956ರಲ್ಲೂ ದೊಡ್ಡ ಪೂರ ಬಂತು. ಬರ ಬಿದ್ದರೆ ಪಾತ್ರ ಒಣಗಿ ಅಲ್ಲಲ್ಲಿ ಮಡು ಮಾತ್ರ ಉಳಿಯುತ್ತದೆ. 1885ರಿಂದ 1960ರವರೆಗಿನ 75 ವರ್ಷಗಳಲ್ಲಿ ನಲವತ್ತಕ್ಕೂ ಹೆಚ್ಚು ಸಲ ಈ ನದಿ ಬತ್ತಿದೆ. ಆ ಕಾಲಕ್ಕೆ ಹತ್ತಿ ಇಲ್ಲ, ದೊಡ್ಡ ಪಂಪಿಲ್ಲ. ಇದು ಅದರ ಹುಟ್ಟು ಸ್ವಭಾವ.

ನದಿಯ ಮೂಲ ಒಡೆಯರು

ಡಾರ್ಲಿಂಗ್ ಎಂಬುದು ಬಿಳಿಯರು ಇಟ್ಟ ಹೆಸರು. ಅಲ್ಲಿಯ ಮೂಲನಿವಾಸಿಗಳಿಗೆ ಅದು ‘ಬಾಕಾ’. ಬಾಕಾ ಅಂದರೆ ನದಿ. ಆ ಜನಕ್ಕೆ ಬಾರ್ಕಂಜಿ ಅಂತ ಹೆಸರು. ಬಾರ್ಕಂಜಿ ಅಂದರೆ ನದಿಗೆ ಸೇರಿದವರು. ನೋಡ್ರಿ, ನದಿ ನಮ್ಮದು ಅಂತ ಅವರು ಹೇಳಿಕೊಳ್ಳಲಿಲ್ಲ, ನಾವು ನದಿಯವರು ಅಂತ ಹೆಸರಿಟ್ಟುಕೊಂಡರು. ಸಾವಿರಾರು ವರ್ಷಗಳಿಂದ ಅವರು ಆ ದಂಡೆಯ ಮೇಲೆ ಬದುಕಿದವರು. ಮೀನು, ಕಪ್ಪೆಚಿಪ್ಪು, ನೀರುಹಕ್ಕಿ, ಹುಲ್ಲಿನ ಬೀಜ ಕುಟ್ಟಿ ಮಾಡಿದ ರೊಟ್ಟಿ ಇವು ಅವರ ಆಹಾರ.

ಮೇಲಕ್ಕೆ ಹೋದರೆ ಬ್ರೆವಾರಿನಾ ಎಂಬ ಊರು. ಅಲ್ಲಿ ಬಾರ್ವನ್ ನದಿಯ ಬಂಡೆಪಾತ್ರದಲ್ಲಿ ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕೆ ಕಲ್ಲಿನ ಮೀನುಬಲೆಗಳಿವೆ. ಸುಣ್ಣವಿಲ್ಲ, ಗಾರೆಯಿಲ್ಲ, ಬರೀ ಕಲ್ಲಿಗೆ ಕಲ್ಲು ಜೋಡಿಸಿ ಕಟ್ಟಿದ ವಂಕಿ ವಂಕಿಯಾದ ಗೋಡೆಗಳು. ಮೀನು ಒಳಗೆ ಹೊಕ್ಕ ಮೇಲೆ ಬಾಯಿಗೆ ಕಲ್ಲಿಟ್ಟು ಮುಚ್ಚುವುದು. ನೀರು ಏರಿದಾಗ ಎತ್ತರದ ಬಲೆ, ಇಳಿದಾಗ ತಗ್ಗಿನ ಬಲೆ ಕೆಲಸ ಮಾಡುತ್ತದೆ. ಹಿಂದೊಮ್ಮೆ ಬರ ಬಿದ್ದು ಜನ ಹಸಿದಾಗ ಬಯಾಮೆ ಎಂಬ ದೇವರು ಒಣಗಿದ ಪಾತ್ರದ ಮೇಲೆ ತನ್ನ ಬಲೆ ಬೀಸಿ ತೋರಿಸಿದ, ಅದೇ ನಮೂನೆಯಲ್ಲಿ ಅವನ ಇಬ್ಬರು ಗಂಡುಮಕ್ಕಳು ಕಲ್ಲು ಜೋಡಿಸಿದರು ಅಂತ ಅಲ್ಲಿಯ ನ್ಗೆಂಬಾ ಜನರ ನಂಬಿಕೆ.

ಸಹಕಾರ ಸಂಘದ ಸದಸ್ಯರಾದ ನಾವು ಗಮನಿಸಬೇಕಾದ ವಿಷಯ ಒಂದಿದೆ. ಅಲ್ಲಿ ಯಾವ ಬಲೆ ಯಾವ ಮನೆತನದ್ದು ಅಂತ ನಿಗದಿಯಾಗಿತ್ತು. ತನ್ನ ಪಾಲಿನ ಬಲೆಯ ಕಲ್ಲು ಬಿದ್ದರೆ ಆ ಮನೆತನವೇ ಜೋಡಿಸಬೇಕು. ನ್ಗೆಂಬಾ ಜನ ಉಸ್ತುವಾರಿ ನೋಡುತ್ತಿದ್ದರು, ಆದರೆ ತಾವೇ ಎಲ್ಲ ಹಿಡಿದು ತಿನ್ನಲಿಲ್ಲ. ಸುತ್ತಲಿನ ಬೇರೆ ಬೇರೆ ಭಾಷೆಯ ಕುಲಗಳನ್ನು ಕರೆದು ದೊಡ್ಡ ಜಾತ್ರೆಯಂತೆ ಸೇರುತ್ತಿದ್ದರು. ಅಲ್ಲೇ ವ್ಯಾಪಾರ, ಅಲ್ಲೇ ಮದುವೆ ಮಾತುಕತೆ, ಅಲ್ಲೇ ನ್ಯಾಯ ಪಂಚಾಯತಿ. ನದಿಗೆ ಅಡ್ಡ ಬಲೆ ಕಟ್ಟುವ ಶಕ್ತಿ ಇದ್ದವರು ಕೆಳಗಿನವರನ್ನೂ ಪಂಕ್ತಿಗೆ ಕೂರಿಸಿಕೊಂಡರು. ಆ ಬಲೆಗಳನ್ನು 2005ರಲ್ಲಿ ಆಸ್ಟ್ರೇಲಿಯಾ ಸರ್ಕಾರ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕೂ ಮೊದಲೇ ಎಷ್ಟೋ ಕಲ್ಲುಗಳು ಊರಿನ ಕಟ್ಟಡಕ್ಕೆ ಅಂತ ಹೋಗಿಬಿಟ್ಟಿದ್ದವು.

ಕುರಿ, ಉಗಿಹಡಗು, ಒಂಟೆ

1829ರ ಫೆಬ್ರುವರಿಯಲ್ಲಿ ಚಾರ್ಲ್ಸ್ ಸ್ಟರ್ಟ್ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿ ಬರಗಾಲದ ನಡುವೆ ಈ ನದಿಯ ದಂಡೆಗೆ ಬಂದ. ಬಾಯಾರಿ ಬಂದವರು ನೀರು ಬಾಯಿಗೆ ಹಾಕಿದರೆ ಉಪ್ಪು! ಹರಿವು ಕಡಿಮೆಯಾದಾಗ ನೆಲದೊಳಗಿನ ಉಪ್ಪುನೀರು ಪಾತ್ರಕ್ಕೆ ಜಿನುಗುತ್ತದೆ, ಅದರ ಪರಿಣಾಮ ಅದು. ಆಗಿನ ಗವರ್ನರ್ ರಾಲ್ಫ್ ಡಾರ್ಲಿಂಗ್ ಅವರ ಹೆಸರನ್ನು ಸ್ಟರ್ಟ್ ನದಿಗೆ ಇಟ್ಟ. 1835ರಲ್ಲಿ ಥಾಮಸ್ ಮಿಚೆಲ್ ಎಂಬ ಸರ್ವೆ ಅಧಿಕಾರಿ ಬಂದು, ಈಗಿನ ಬರ್ಕ್ ಊರಿನ ಹತ್ತಿರ ಮರದ ಕೋಟೆ ಕಟ್ಟಿದ. ಅವನ ತಂಡಕ್ಕೂ ಮೂಲನಿವಾಸಿಗಳಿಗೂ ಮೆನಿಂಡಿಯ ಕಡೆಗೆ ಜಗಳವಾಗಿ ಗುಂಡು ಹಾರಿತು, ಮೂಲನಿವಾಸಿಗಳು ಸತ್ತರು. ಮುಂದೆ ಬಂದ ಕುರಿ ಸಾಕುವವರು ದಂಡೆಯ ಜಮೀನನ್ನೆಲ್ಲ ಹಿಡಿದರು. ಕೊಲೆ, ರೋಗ, ಊರು ಬಿಡಿಸುವುದು ಇವುಗಳಿಂದ ಮೂಲ ಜನ ಬಹಳ ಕಡಿಮೆಯಾದರು. ಉಳಿದವರಲ್ಲಿ ಎಷ್ಟೋ ಮಂದಿ ಕುರಿ ಫಾರ್ಮುಗಳಲ್ಲಿ ದುಡಿದರು, ಎಷ್ಟೋ ಮಂದಿಯನ್ನು ಮಿಷನ್ ಎಂಬ ಹಟ್ಟಿಗಳಿಗೆ ಸಾಗಿಸಿದರು.

ಉಣ್ಣೆ ಪೇಟೆಗೆ ಹೋಗಬೇಕಲ್ಲ, ಅದಕ್ಕೆ ನದಿಯೇ ದಾರಿಯಾಯಿತು. 1859ರಲ್ಲಿ ಕ್ಯಾಪ್ಟನ್ ವಿಲಿಯಂ ರ‍್ಯಾಂಡೆಲ್ ತನ್ನ ‘ಜೆಮಿನಿ’ ಎಂಬ ಉಗಿಹಡಗನ್ನು ಬ್ರೆವಾರಿನಾದವರೆಗೂ ತಂದ. ಅಲ್ಲಿಂದ ಮುಂದೆ ಎಪ್ಪತ್ತು ವರ್ಷ ಈ ನದಿಯಲ್ಲಿ ಚಕ್ರದ ಹಡಗುಗಳ ಓಡಾಟ. ಮೇಲಿನಿಂದ ಉಣ್ಣೆಯ ಅಂಡಿಗೆ, ಕೆಳಗಿನಿಂದ ಹಿಟ್ಟು, ಸಕ್ಕರೆ, ಚಹಾ, ತಂತಿ. ವಿಲ್ಕಾನಿಯಾ ದೊಡ್ಡ ಒಳನಾಡ ಬಂದರಾಗಿ ಮೆರೆಯಿತು. ನದಿ ಒಣಗಿದರೆ ಹಡಗು ಸರಕು ಸಮೇತ ಮಡುವಿನಲ್ಲಿ ತಿಂಗಳುಗಟ್ಟಲೆ ಕೂತುಬಿಡುತ್ತಿತ್ತು. 1885ರಲ್ಲಿ ಸಿಡ್ನಿ ಕಡೆಯಿಂದ ಬರ್ಕ್ ಊರಿಗೆ ರೈಲು ಬಂತು. ಅಲ್ಲಿಂದ ಹಡಗಿನ ಕಾಲ ಇಳಿಮುಖವಾಗಿ, 1930ರ ಹೊತ್ತಿಗೆ ಮುಗಿಯಿತು.

ನದಿಯಿಂದ ದೂರದ ಫಾರ್ಮುಗಳಿಗೆ ಒಂಟೆಗಳ ಸಾಗಾಟ. ಒಂಟೆ ನಡೆಸುವವರನ್ನೆಲ್ಲ ಆಫ್ಘನ್ನರು ಅಂತ ಕರೆಯುತ್ತಿದ್ದರೂ ಅವರಲ್ಲಿ ಆಗಿನ ಬ್ರಿಟಿಷ್ ಇಂಡಿಯಾದ ಬಲೂಚಿಸ್ತಾನ, ಸಿಂಧ್, ಪಂಜಾಬ ಕಡೆಯವರೂ ಇದ್ದರು. ಬರ್ಕ್ ಊರಿನ ಸ್ಮಶಾನದಲ್ಲಿ ಅವರ ಕಾಲದ ತಗಡಿನ ಪುಟ್ಟ ಮಸೀದಿ ಇದೆ.

ಕುರಿ ಹೆಚ್ಚಾದವು, ಅದರ ಮೇಲೆ ಮೊಲ ಹೆಚ್ಚಾದವು, ಹುಲ್ಲು ಹೋಯಿತು. 1891ರಲ್ಲಿ ನ್ಯೂ ಸೌತ್ ವೇಲ್ಸಿನ ಪಶ್ಚಿಮ ಭಾಗದಲ್ಲಿ 1 ಕೋಟಿ 30 ಲಕ್ಷಕ್ಕೂ ಹೆಚ್ಚು ಕುರಿಗಳಿದ್ದವು. 1895ರಿಂದ 1902ರವರೆಗೆ ಭೀಕರ ಬರ. ಹತ್ತು ವರ್ಷದೊಳಗೆ ಕುರಿಗಳ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಬಂತು. ಬ್ಯಾಂಕಿನ ಸಾಲ ಮಾಡಿ ಕುರಿ ತಂದವರು ಫಾರ್ಮು ಬಿಟ್ಟು ನಡೆದರು. ಸರ್ಕಾರ ರಾಯಲ್ ಕಮಿಷನ್ ನೇಮಿಸಿ ವಿಚಾರಣೆ ಮಾಡಿ, 1901ರಲ್ಲಿ ಹೊಸ ಭೂ ಕಾಯಿದೆ ತಂದಿತು. ಒಳ್ಳೆಯ ವರ್ಷದ ಹುಲ್ಲು ನೋಡಿ ಕುರಿ ಲೆಕ್ಕ ಹಾಕಬಾರದು ಅಂತ ಆ ನಾಡಿಗೆ ಸಿಕ್ಕ ಮೊದಲ ಪಾಠ ಅದು. ನೀರಿನ ವಿಷಯದಲ್ಲಿ ಅದೇ ಪಾಠವನ್ನು ಮತ್ತೆ ಕಲಿಯಬೇಕಾಯಿತು.

ಅಣೆಕಟ್ಟು ಬಂದವು, ಹತ್ತಿ ಬಂತು

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಣೆಕಟ್ಟಿನ ಕಾಲ. ಕೆಳಗೆ ಮೆನಿಂಡಿಯ ಹತ್ತಿರ ಪೂರದ ನೀರು ತುಂಬುತ್ತಿದ್ದ ಸ್ವಾಭಾವಿಕ ಕೆರೆಗಳಿದ್ದವು. 1949ರಿಂದ 1968ರವರೆಗೆ ಅವುಗಳಿಗೆ ಒಡ್ಡು, ಗೇಟು ಕಟ್ಟಿ ಜಲಾಶಯ ಮಾಡಿದರು. ತುಂಬಿದರೆ ನಮ್ಮ ಲೆಕ್ಕದಲ್ಲಿ ಸುಮಾರು 61 ಟಿ.ಎಂ.ಸಿ. ನಮ್ಮ ಕೃಷ್ಣರಾಜಸಾಗರ 49 ಟಿ.ಎಂ.ಸಿ. ಅಂದರೆ ಅದಕ್ಕಿಂತ ದೊಡ್ಡದು. ಆದರೆ ಆಳವಿಲ್ಲ, ತಟ್ಟೆಯಂತೆ ಅಗಲ, ಬಿಸಿಲಿಗೆ ಬಹಳ ನೀರು ಹೋಗುತ್ತದೆ. ಬ್ರೋಕನ್ ಹಿಲ್ ಎಂಬ ಗಣಿ ಊರಿಗೆ 2019ರವರೆಗೆ ಇಲ್ಲಿಂದಲೇ ಕುಡಿಯುವ ನೀರು ಹೋಗುತ್ತಿತ್ತು.

ಮೇಲೆ ನಮೋಯ್ ಹೊಳೆಗೆ 1960ರಲ್ಲಿ ಕೀಪಿಟ್ ಅಣೆಕಟ್ಟು, ಮ್ಯಾಕ್ವಾರಿಗೆ 1967ರಲ್ಲಿ ಬರೆಂಡಾಂಗ್, ಗ್ವೈಡರಿಗೆ 1976ರಲ್ಲಿ ಕೋಪ್ಟನ್ ಬಂದವು. ನಮೋಯ್ ದಂಡೆಯ ವೀ ವಾ ಎಂಬ ಊರಿನ ನೆಲ ನಮ್ಮ ಎರೆಭೂಮಿಯಂಥದ್ದೇ. ಕಪ್ಪು, ಜಿಗುಟು, ಬೇಸಿಗೆಯಲ್ಲಿ ಬಿರುಕು ಬಿಡುವ ನೆಲ. 1961ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಪಾಲ್ ಕಾಲ್ ಮತ್ತು ಫ್ರಾಂಕ್ ಹ್ಯಾಡ್ಲಿ ಎಂಬ ಇಬ್ಬರು ರೈತರು ಬಂದು ಅಲ್ಲಿ ನೀರಾವರಿ ಹತ್ತಿ ಹಾಕಿದರು. ಬೆಳೆ ಚೆನ್ನಾಗಿ ಬಂತು. ಇಂದು ಆ ದೇಶದ ನೀರಾವರಿ ಹತ್ತಿ ಹೆಕ್ಟೇರಿಗೆ 2,000 ಕಿಲೋ ಮೀರಿ ಅರಳೆ ಕೊಡುತ್ತದೆ. ಜಗತ್ತಿನಲ್ಲೇ ಮುಂಚೂಣಿಯ ಇಳುವರಿ ಅದು.

ನಮಗೆ ಇಷ್ಟವಾದ ಸಂಗತಿ ಏನೆಂದರೆ, 1962ರಲ್ಲಿ ಆ ಹತ್ತಿ ಬೆಳೆಗಾರರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಸಹಕಾರ ಸಂಘ ಕಟ್ಟಿದ್ದು. ನಮೋಯ್ ಕಾಟನ್ ಅಂತ ಅದರ ಹೆಸರು. ಜಿನ್ನಿಂಗ್ ಯಂತ್ರ ಒಬ್ಬ ರೈತನ ಕೈಲಿ ಆಗುವ ಖರ್ಚಲ್ಲ. ಕೂಡಿ ಜಿನ್ನು ಹಾಕಿದರು, ಕೂಡಿ ಮಾರಿದರು. ಬಹಳ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. 2017ರಲ್ಲಿ ಅದು ಸಹಕಾರಿ ರೂಪ ಬಿಟ್ಟು ಕಂಪನಿಯಾಯಿತು. 2024ರಲ್ಲಿ ಲೂಯಿ ಡ್ರೈಫಸ್ ಎಂಬ ಜಾಗತಿಕ ವ್ಯಾಪಾರಿ ಸಂಸ್ಥೆಯ ಹಿಡಿತಕ್ಕೆ ಹೋಯಿತು. ಬೆಳ್ಳಿಹಬ್ಬ ಮಾಡುವ ನಾವು ಇದನ್ನೂ ಒಂದು ಕ್ಷಣ ಯೋಚಿಸಬೇಕು.

ಜಿನ್ನು ಕೂಡಿ ನಡೆಸಿದ ಆ ರೈತರು ನೀರನ್ನು ಮಾತ್ರ ಕೂಡಿ ಲೆಕ್ಕ ಹಾಕಲಿಲ್ಲ. ಅಲ್ಲಿಯೇ ಕೊರತೆ ಬಿದ್ದದ್ದು. ಸರ್ಕಾರ ಒಂದೊಂದು ಹೊಳೆಗೂ ಬೇರೆ ಬೇರೆ ಲೈಸೆನ್ಸು ಕೊಡುತ್ತಾ ಹೋಯಿತು. ಹೊಳೆಯಿಂದ ಪಂಪು ಹೊಡೆದು ಹೊಲದಲ್ಲೇ ಕೆರೆ ಕಟ್ಟಿ ತುಂಬಿಸಿಕೊಳ್ಳುವುದು ಒಂದು ಬಗೆ. ಪೂರದ ನೀರು ಬಯಲಿಗೆ ಹರಡಿದಾಗ ಒಡ್ಡು ಹಾಕಿ ತಿರುಗಿಸಿಕೊಳ್ಳುವುದು ಇನ್ನೊಂದು ಬಗೆ. ಈ ಎರಡನೆಯದಕ್ಕೆ ಬಹಳ ವರ್ಷ ಅಳತೆಯೇ ಇರಲಿಲ್ಲ. ಕ್ವೀನ್ಸ್‌ಲ್ಯಾಂಡಿನ ಕಬ್ಬಿ ಸ್ಟೇಷನ್ ಎಂಬ ಒಂದೇ ಫಾರ್ಮಿನ ಕೆರೆಗಳು ತುಂಬಿದರೆ ಸುಮಾರು 16 ಟಿ.ಎಂ.ಸಿ. ಆಗುತ್ತದೆ. ಒಂದು ಫಾರ್ಮು, 16 ಟಿ.ಎಂ.ಸಿ.!

ರಾಜ್ಯಗಳ ನಡುವೆ ಒಪ್ಪಂದ ಇರಲಿಲ್ಲವೇ ಅಂತ ಕೇಳಬಹುದು. ಇತ್ತು. 1914–15ರಲ್ಲೇ ಮರ್ರೆ ನದಿಗೆ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ಸೌತ್ ಆಸ್ಟ್ರೇಲಿಯಾ ಮತ್ತು ಕೇಂದ್ರ ಸರ್ಕಾರ ಸೇರಿ ಒಪ್ಪಂದ ಮಾಡಿಕೊಂಡಿದ್ದವು. ಡಾರ್ಲಿಂಗಿನ ಮೇಲುಹೊಳೆಗಳು ಹುಟ್ಟುವ ಕ್ವೀನ್ಸ್‌ಲ್ಯಾಂಡ್ ಅದರಲ್ಲಿ ಇರಲಿಲ್ಲ. ಅದು ಪೂರ್ಣವಾಗಿ ಒಳಗೆ ಬಂದದ್ದು 1990ರ ದಶಕದಲ್ಲಿ.

ನದಿ ಹಸಿರಾಯಿತು, ಮೀನು ತೇಲಿದವು

1991ರ ಕೊನೆಯಲ್ಲಿ ಮೊದಲ ದೊಡ್ಡ ಎಚ್ಚರಿಕೆ. ಹರಿವು ನಿಂತು, ಬಿಸಿಲು ಹೆಚ್ಚಾಗಿ, ಹೊಲದ ಗೊಬ್ಬರ ಮತ್ತು ಊರಿನ ಕೊಳಚೆಯ ಸಾರ ಸೇರಿ ನೀರಿನಲ್ಲಿ ವಿಷದ ಪಾಚಿ ಬೆಳೆಯಿತು. ಒಂದು ಮೈಲಿ, ಎರಡು ಮೈಲಿ ಅಲ್ಲ, 1,000 ಕಿಲೋಮೀಟರ್ ಉದ್ದಕ್ಕೆ ನದಿ ಹಸಿರು ಬಣ್ಣ ಬಳಿದಂತೆ ಆಯಿತು. ದನಗಳು ಸತ್ತವು. ರಾಜ್ಯ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿ ಊರುಗಳಿಗೆ ನೀರು ಶುದ್ಧ ಮಾಡುವ ವ್ಯವಸ್ಥೆ ಕಳಿಸಿತು.

ಆಮೇಲೆ ಕಣ್ಣು ತೆರೆಯಿತು. 1995ರಲ್ಲಿ ಇಷ್ಟಕ್ಕಿಂತ ಹೆಚ್ಚು ನೀರು ಎತ್ತಬಾರದು ಅಂತ ಒಂದು ಮಿತಿ ಹಾಕಿದರು. 2007ರಲ್ಲಿ ಕೇಂದ್ರದ ಜಲ ಕಾಯಿದೆ, 2012ರಲ್ಲಿ ಇಡೀ ಜಲಾನಯನಕ್ಕೆ ಒಂದು ಯೋಜನೆ. ವ್ಯವಸಾಯದಿಂದ ವರ್ಷಕ್ಕೆ ಸರಾಸರಿ 97 ಟಿ.ಎಂ.ಸಿ.ಯಷ್ಟು ನೀರನ್ನು ವಾಪಸು ಪಡೆದು ನದಿಗೇ ಬಿಡಬೇಕು ಅಂತ ಗುರಿ. ಅಲ್ಲಿ ನೀರಿನ ಹಕ್ಕನ್ನು ಜಮೀನಿನಿಂದ ಬೇರೆ ಮಾಡಿ ಕೊಳ್ಳಬಹುದು, ಮಾರಬಹುದು. ಹಾಗಾಗಿ ಸರ್ಕಾರವೇ ರೈತರಿಂದ ನೀರಿನ ಹಕ್ಕು ಖರೀದಿ ಮಾಡತೊಡಗಿತು. ಬರ್ಕ್ ಹತ್ತಿರದ ಟೂರಾಲಿ ಎಂಬ 91,000 ಹೆಕ್ಟೇರಿನ ಫಾರ್ಮನ್ನು 2008ರಲ್ಲಿ ನೀರಿನ ಹಕ್ಕಿನ ಸಮೇತ ಕೊಂಡು, ಜಮೀನನ್ನು ಸಂರಕ್ಷಿತ ಪ್ರದೇಶ ಮಾಡಿದರು. ನದಿಗೆ ಒಳ್ಳೆಯದಾಯಿತು, ಆದರೆ ಆ ಫಾರ್ಮಿನಲ್ಲಿ ದುಡಿಯುತ್ತಿದ್ದವರ ಕೆಲಸ ಹೋಯಿತು ಅಂತ ಬರ್ಕ್ ಜನ ಬೇಸರಪಟ್ಟರು. ಅದೂ ಸುಳ್ಳಲ್ಲ. ಮೇಲಿನ ರೈತ ಕೆಟ್ಟವನು ಅಂತ ನಾವು ಹೇಳುವುದಿಲ್ಲ. ಅವನು ಲೈಸೆನ್ಸಿಗೆ ದುಡ್ಡು ಕಟ್ಟಿದ್ದಾನೆ. ನೀರಿಲ್ಲದ ವರ್ಷ ಹತ್ತಿ ಬಿತ್ತುವುದಿಲ್ಲ, ಹೊಲ ಬೀಳು ಬಿಡುತ್ತಾನೆ. ಅವನ ಮಾತಿನಲ್ಲೂ ನ್ಯಾಯವಿದೆ.

ಆದರೆ ಕಾಗದದ ಮೇಲಿನ ಮಿತಿ ಬೇರೆ, ಪಂಪಿನ ಮುಂದಿನ ಮೀಟರು ಬೇರೆ. 2012ರಲ್ಲಿ ಬಾರ್ವನ್–ಡಾರ್ಲಿಂಗಿಗೆ ಮಾಡಿದ ರಾಜ್ಯದ ನೀರು ಹಂಚಿಕೆ ನಿಯಮ, ಹರಿವು ಕಡಿಮೆ ಇದ್ದಾಗಲೂ ದೊಡ್ಡ ಪಂಪು ಹಚ್ಚಲು ಅವಕಾಶ ಕೊಟ್ಟಿತು. 2017ರ ಜುಲೈಯಲ್ಲಿ ಅಲ್ಲಿಯ ಎ.ಬಿ.ಸಿ. ದೂರದರ್ಶನ, ಮೀಟರು ಕೆಡಿಸಿ ನೀರು ಎತ್ತುತ್ತಾರೆ ಎಂಬ ಆಪಾದನೆಗಳನ್ನು ತೋರಿಸಿತು. ದೇಶದಲ್ಲಿ ಗದ್ದಲವೆದ್ದಿತು. ವಿಚಾರಣೆ ನಡೆದು, 2018ರಲ್ಲಿ ನೀರಿನ ಕಾನೂನು ಪಾಲನೆಗೆ ಅಂತಲೇ ನ್ಯೂ ಸೌತ್ ವೇಲ್ಸಿನಲ್ಲಿ ಪ್ರತ್ಯೇಕ ಸಂಸ್ಥೆ ಬಂತು. ಆ ರಾಜ್ಯದ ನ್ಯಾಚುರಲ್ ರಿಸೋರ್ಸಸ್ ಕಮಿಷನ್ 2019ರಲ್ಲಿ ಪರಿಶೀಲನೆ ಮಾಡಿ, ಮೇಲೆ ನೀರು ಎತ್ತಿದ್ದರಿಂದ ಕೆಳಗಿನ ನದಿಗೆ ಬರಗಾಲ ಮೂರು ವರ್ಷ ಮೊದಲೇ ಬಂತು ಅಂತ ಹೇಳಿತು. ಮೂರು ವರ್ಷದ ಬರವನ್ನು ಮನುಷ್ಯರೇ ಕೂಡಿಸಿದರು ಅಂತ ಅರ್ಥ.

ಅಷ್ಟರೊಳಗೆ ಅನಾಹುತ ಆಗಿಹೋಗಿತ್ತು. 2016ರಲ್ಲಿ ತುಂಬಿದ್ದ ಮೆನಿಂಡಿ ಕೆರೆಗಳ ನೀರನ್ನು ಕೆಳಗೆ ಬಿಟ್ಟಿದ್ದರು, ಮೇಲಿನಿಂದ ಹೊಸ ನೀರು ಬರಲಿಲ್ಲ. 2018ರ ಡಿಸೆಂಬರಿನಿಂದ 2019ರ ಜನವರಿಯವರೆಗೆ ಮೂರು ಸಲ ಮೀನುಗಳ ಮಾರಣಹೋಮ. ನಿಂತ ಮಡುವಿನಲ್ಲಿ ಮೇಲೆ ಬಿಸಿ ನೀರು, ತಳದಲ್ಲಿ ಆಮ್ಲಜನಕವಿಲ್ಲದ ತಣ್ಣನೆಯ ನೀರು. ಒಮ್ಮೆಲೇ ತಂಪು ಗಾಳಿ ಬೀಸಿ ಎರಡೂ ಕಲಸಿದಾಗ ಮೀನಿಗೆ ಉಸಿರು ಸಿಗದೆ ಹೋಯಿತು. ಹತ್ತು ಲಕ್ಷದವರೆಗೂ ಸತ್ತಿರಬಹುದು ಅಂತ ಅಂದಾಜು. ಮರ್ರೆ ಕಾಡ್ ಎಂಬ ಜಾತಿಯ ಮೀನು ಆಳುದ್ದ ಬೆಳೆಯುತ್ತದೆ, ಹತ್ತಾರು ವರ್ಷ ಬದುಕುತ್ತದೆ. ಎಷ್ಟೋ ಬರ ಕಂಡು ಉಳಿದ ಮುದಿ ಮೀನುಗಳು ಅಂದು ಹೊಟ್ಟೆ ಮೇಲಾಗಿ ತೇಲಿದವು. ಆಸ್ಟ್ರೇಲಿಯಾದ ವಿಜ್ಞಾನ ಅಕಾಡೆಮಿಯ ತಜ್ಞರು 2019ರ ಫೆಬ್ರುವರಿಯಲ್ಲಿ ವರದಿ ಕೊಟ್ಟು, ಮೂಲ ಕಾರಣ ಬರ ಒಂದೇ ಅಲ್ಲ, ನದಿಯಲ್ಲಿ ಸಾಕಷ್ಟು ನೀರು ಉಳಿಸದೆ ಇದ್ದದ್ದು ಅಂತ ಸ್ಪಷ್ಟ ಮಾಡಿದರು.

ಅದೇ 2019ರಲ್ಲಿ ಬ್ರೋಕನ್ ಹಿಲ್ ಊರಿಗೆ ಡಾರ್ಲಿಂಗ್ ಬಿಟ್ಟು ಮರ್ರೆ ನದಿಯಿಂದ 270 ಕಿಲೋಮೀಟರ್ ಪೈಪು ಹಾಕಿ ನೀರು ತಂದರು. ಊರಿಗೆ ನೀರು ಸಿಕ್ಕಿತು. ದೊಡ್ಡ ಊರು ತನ್ನ ನೀರಿಗೆ ಬೇರೆ ದಾರಿ ಕಂಡುಕೊಂಡರೆ ನಮ್ಮ ನದಿಯ ಪರವಾಗಿ ಕೇಳುವವರು ಯಾರು ಅಂತ ಮೆನಿಂಡಿಯ ಜನ ಚಿಂತೆ ಮಾಡಿದರು.

2020ರ ಫೆಬ್ರುವರಿಯಲ್ಲಿ ಮೇಲೆ ಮಳೆಯಾಯಿತು. ಮೊದಲ ನೀರು ಕೆಳಗೆ ಹೋಗಲಿ ಅಂತ ಪಂಪುಗಳಿಗೆ ತಾತ್ಕಾಲಿಕ ತಡೆ ಹಾಕಿದರು, ನಡುವೆ ಕೆಲವರಿಗೆ ಸಡಿಲಿಸಿದರು. ಒಣ ಪಾತ್ರದಲ್ಲಿ ಕಸಕಡ್ಡಿ ತಳ್ಳುತ್ತಾ ನೀರಿನ ಮೊದಲ ನಾಲಗೆ ಬರುವುದನ್ನು ನೋಡಲು ಊರು ಊರಿನ ಜನ ದಂಡೆಗೆ ಬಂದು ಕಾದು ನಿಂತರು. ಮರ್ರೆ ಸೇರುವಾಗ ಏಪ್ರಿಲ್ ಬಂದಿತ್ತು. ಹಳ್ಳಕ್ಕೆ ಮೊದಲ ನೀರು ಬಂದಾಗ ನೋಡಲು ಓಡುವವರು ನಾವು. ಆ ಸಂತೋಷ ನಮಗೆ ಬಿಡಿಸಿ ಹೇಳಬೇಕಿಲ್ಲ.

ಅಷ್ಟಕ್ಕೇ ಕಷ್ಟ ಮುಗಿಯಲಿಲ್ಲ. 2022ರ ಕೊನೆಗೆ ಮತ್ತು 2023ರ ಮೊದಲಿಗೆ ಮಹಾಪೂರ. ಮೀನು ಹೇರಳವಾಗಿ ಹುಟ್ಟಿದವು. ಪೂರ ಇಳಿಯುವಾಗ ಬಯಲಿನ ಕೊಳೆತ ಎಲೆ, ಕಸವೆಲ್ಲ ನದಿಗೆ ಬಂತು, ಬಿಸಿಲು ಏರಿತು. 2023ರ ಮಾರ್ಚಿನಲ್ಲಿ ಮೆನಿಂಡಿಯಲ್ಲಿ ಎರಡರಿಂದ ಮೂರು ಕೋಟಿ ಮೀನು ಸತ್ತವು ಅಂತ ಅಂದಾಜು. ಮೊದಲ ಸಲ ನೀರಿಲ್ಲದೆ, ಎರಡನೇ ಸಲ ನೀರಿದ್ದೂ. ಆರೋಗ್ಯ ಕೆಟ್ಟ ಮನುಷ್ಯನಿಗೆ ಉಪವಾಸವೂ ಆಗದು, ಊಟವೂ ಆಗದು. ಹಾಗೆ ಆಗಿದೆ ಆ ನದಿಗೆ.

ಕೆಳಗಿನವರ ಹಕ್ಕು

ಬಾರ್ಕಂಜಿ ಜನರ ಮಾತಿಗೆ ವಾಪಸು ಬರುತ್ತೇವೆ. ಅವರು ತಮ್ಮ ನೆಲದ ಹಕ್ಕಿಗಾಗಿ 1997ರಲ್ಲಿ ಅರ್ಜಿ ಹಾಕಿದರು. 18 ವರ್ಷ ಕಾದ ಮೇಲೆ, 2015ರ ಜೂನ್‌ನಲ್ಲಿ ಫೆಡರಲ್ ಕೋರ್ಟು ಸುಮಾರು 1,28,000 ಚದರ ಕಿಲೋಮೀಟರ್ ಪ್ರದೇಶದ ಮೇಲೆ ಅವರ ಮೂಲ ಹಕ್ಕನ್ನು ಒಪ್ಪಿತು. ಅರ್ಜಿ ಹಾಕಿದವರಲ್ಲಿ ಎಷ್ಟೋ ಹಿರಿಯರು ಅಷ್ಟರೊಳಗೆ ತೀರಿಕೊಂಡಿದ್ದರು. ಹಕ್ಕು ಬಂದ ಮರುವರ್ಷಗಳಲ್ಲೇ ನದಿ ಒಣಗಿತು. ನ್ಯೂ ಸೌತ್ ವೇಲ್ಸಿನ ಆ ಜಲಾನಯನದಲ್ಲಿ ಮೂಲನಿವಾಸಿ ಸಂಸ್ಥೆಗಳ ಕೈಯಲ್ಲಿರುವ ನೀರಿನ ಪಾಲು ಶೇಕಡಾ ಒಂದಕ್ಕಿಂತಲೂ ಕಡಿಮೆ. ದಂಡೆ ಅವರದು, ನೀರು ಇನ್ನೊಬ್ಬರದು. ಹಡಗಿನ ಕಾಲದಲ್ಲಿ ಮೆರೆದ ವಿಲ್ಕಾನಿಯಾದಲ್ಲಿ ಈಗ ಸಾವಿರಕ್ಕಿಂತ ಕಡಿಮೆ ಜನ. ಅವರಲ್ಲಿ ಹೆಚ್ಚಿನವರು ಇವರೇ.

ಹಾಗಂತ ಅವರು ಕೈಕಟ್ಟಿ ಕೂತಿಲ್ಲ. ಕೆಳಗಿನ ಕುರಿ ಸಾಕುವವರು, ದ್ರಾಕ್ಷಿ ಬೆಳೆಯುವವರು, ಮೂಲನಿವಾಸಿಗಳು, ಊರಿನ ಅಂಗಡಿಯವರು ಒಟ್ಟಾಗಿ ಸಭೆ ಮಾಡಿ, ರಸ್ತೆ ಸೇತುವೆಗಳ ಮೇಲೆ ನಿಂತು ಕೇಳಿದ್ದರಿಂದಲೇ ಈ ವಿಚಾರಣೆಗಳು, ಮೀಟರುಗಳು ಬಂದವು. ನ್ಯೂ ಸೌತ್ ವೇಲ್ಸಿನಲ್ಲಿ ಪೂರದ ನೀರು ತಿರುಗಿಸುವುದಕ್ಕೂ 2022ರಿಂದ ಲೈಸೆನ್ಸು, ಅಳತೆ ಶುರುವಾಯಿತು. 2023ರಲ್ಲಿ ಕೇಂದ್ರ ಸರ್ಕಾರ ಮತ್ತೆ ಕಾಯಿದೆ ತಿದ್ದಿ, ನದಿಗೆ ನೀರು ವಾಪಸು ಕೊಡುವ ಕೆಲಸಕ್ಕೆ ಹೊಸ ಗಡುವು ಹಾಕಿತು.

ನಾವು ತಿಳಿದುಕೊಳ್ಳುವುದು

ಸದಸ್ಯ ಬಾಂಧವರೇ, ಈ ಕಥೆಯಲ್ಲಿ ಒಬ್ಬ ದೊಡ್ಡ ಖಳನನ್ನು ಹುಡುಕಿದರೆ ಸಿಗುವುದಿಲ್ಲ. ಮೀಟರು ಕೆಡಿಸಿದವರು ಕೆಲವರು ಇರಬಹುದು. ಆದರೆ ಹೆಚ್ಚಿನ ನೀರು ಹೋದದ್ದು ಕಳ್ಳತನದಿಂದಲ್ಲ, ಕಾಯಿದೆ ಪ್ರಕಾರವೇ ಹೋಯಿತು. ಪ್ರತಿಯೊಬ್ಬರೂ ತಮ್ಮ ತಮ್ಮ ಪಾಲು ತೆಗೆದುಕೊಂಡರು. ಎಲ್ಲರ ಪಾಲು ಕೂಡಿಸಿದರೆ ನದಿಗಿಂತ ದೊಡ್ಡದಾಗುತ್ತದೆ ಅಂತ ಲೆಕ್ಕ ಮಾಡುವವರು ಇರಲಿಲ್ಲ. ನಮ್ಮ ಸಂಘದಲ್ಲಿ ಎಲ್ಲರಿಗೂ ಸಾಲದ ಮಿತಿ ಮಂಜೂರು ಮಾಡಿ, ಒಟ್ಟು ಬಂಡವಾಳ ಎಷ್ಟಿದೆ ಅಂತ ನೋಡದೆ ಹೋದರೆ ಏನಾಗುತ್ತದೆ? ಕಟ್ಟಕಡೆಗೆ ಬಂದ ಸದಸ್ಯ ಖಾಲಿ ಪೆಟ್ಟಿಗೆ ನೋಡಿ ಹೋಗುತ್ತಾನೆ. ಅವನ ಹತ್ತಿರ ಪಾಸ್‌ಬುಕ್ಕು ಇರುತ್ತದೆ, ದುಡ್ಡು ಇರುವುದಿಲ್ಲ.

ಮೂರು ಮಾತು ಹೇಳಿ ಮುಗಿಸುತ್ತೇವೆ. ಮೊದಲನೆಯದು, ಹಂಚುವ ಮೊದಲು ಅಳೆಯಬೇಕು, ಅಳತೆ ಎಲ್ಲರಿಗೂ ಕಾಣುವಂತೆ ಇರಬೇಕು. ಎರಡನೆಯದು, ನಿಯಮವನ್ನು ನೀರು ಇರುವ ವರ್ಷದಲ್ಲೇ ಮಾಡಿಕೊಳ್ಳಬೇಕು, ಬರದಲ್ಲಿ ಕೂತು ಮಾಡಿದ ನಿಯಮ ಜಗಳದಲ್ಲೇ ಮುಗಿಯುತ್ತದೆ. ಮೂರನೆಯದು, ನಿಯಮ ಮಾಡುವ ಸಭೆಯಲ್ಲಿ ತುದಿಯ ಹೊಲದವನಿಗೆ ಕುರ್ಚಿ ಇರಬೇಕು. ಬ್ರೆವಾರಿನಾದ ಆ ಕಲ್ಲಿನ ಬಲೆಗಳ ಹತ್ತಿರ ಅಕ್ಷರ ಬಾರದ ಜನ ಈ ಮೂರನ್ನೂ ನಡೆಸಿಕೊಂಡು ಬಂದಿದ್ದರು. ಇಷ್ಟಿಷ್ಟು ಬಲೆ ನಿಮಗೆ, ಇಷ್ಟು ನಮಗೆ, ಕಲ್ಲು ಬಿದ್ದರೆ ಜೋಡಿಸುವುದು ಅವರವರದು, ಸುಗ್ಗಿಗೆ ಎಲ್ಲರೂ ಬರ್ರಿ ಅಂತ.

ಮುಂದಿನ ತಿಂಗಳ ಸರ್ವ ಸಾಧಾರಣ ಸಭೆಯಲ್ಲಿ ನಮ್ಮ ಕಾಲುವೆಯ ಪಾಳಿ ವಿಷಯ ಚರ್ಚೆಗೆ ಬರಲಿದೆ. ಟೇಲೆಂಡಿನ ಸದಸ್ಯರು ತಪ್ಪದೇ ಬರಬೇಕು, ತೂಬಿನ ಹತ್ತಿರದವರು ಅವರಿಗೆ ಮೊದಲು ಮಾತಾಡಲು ಬಿಡಬೇಕು ಅಂತ ನಮ್ಮ ವಿನಂತಿ.

 ಓದಲು ಪುಸ್ತಕ ಒದಗಿಸಿ, ನಕಾಶೆ ಬಿಡಿಸಿ ತೋರಿಸಿದ ನಮ್ಮೂರ ಶಾಲೆಯ ಗುರುಗಳಿಗೆ ಉಪಕಾರ ಸ್ಮರಣೆ. 

ಜೈ ಸಹಕಾರ. ಜೈ ಕರ್ನಾಟಕ.